ಆದೆಮ್ಮನ ಮನೆಯ ಮಜ್ಜಿಗೆ

ಮಾನ್ವಿ
೩೧ ಜುಲೈ ೧೯೮೩, ರವಿವಾರ

ಭೀಮವ್ವ ಬೆಳಿಗ್ಗೆ ಕಲ್ಲೂರಿಗೆ, ತನ್ನ ತಮ್ಮನ ಮನೆಗೆ ಹೋಗಿದ್ದಾಳೆ. ಸಂಜೆಯ ಬಸ್ಸಿಗೆ ಬರುತ್ತಾಳೆ. ಹುಡುಗ ರಾಯಚೂರಿನ ಹಾಸ್ಟೆಲಿನಲ್ಲಿದ್ದಾನೆ. ಮನೆಯಲ್ಲಿ ನಾನೊಬ್ಬನೇ.

ದೇವದುರ್ಗದ ಅಕ್ಕ ಆದೆಮ್ಮನಿಗೆ ತಮ್ಮ ಪರಮಣ್ಣನ ಶರಣು.

ಇತ್ತ ಕಡೆ ಎಲ್ಲರೂ ಕ್ಷೇಮ ಎಂದು ಬರೆದು ಮುಂದಿನ ಮಾತಿಗೆ ಹೋಗುವುದು ರೂಢಿ. ಈ ಸಲ ಆ ಸಾಲನ್ನು ಬಿಟ್ಟಿದ್ದೇನೆ. ನಾನು ಸಾಯುವ ಸ್ಥಿತಿಯಲ್ಲೇನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ಆದರೆ ಕ್ಷೇಮ ಎಂದರೆ ಸುಳ್ಳಾಗುತ್ತದೆ.

ಪತ್ರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಯುಗಾದಿಯ ನಂತರ ನಿನಗೆ ಒಂದು ಕಾರ್ಡನ್ನೂ ಹಾಕಲಿಲ್ಲ. ಎರಡು ಸಲ ಬರೆದು ಎರಡು ಸಲವೂ ಹರಿದೆ. ಒಂದರಲ್ಲಿ ಬರೀ ಬೈಗುಳ ತುಂಬಿತ್ತು. ಇನ್ನೊಂದರಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಬರೆದಿದ್ದೆ. ಅದನ್ನು ಓದಿ ನನಗೇ ನಾಚಿಕೆಯಾಯಿತು. ನಿನಗೆ ಅನುಕೂಲವಾಗಲೆಂದು ಈಗ ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಕರೆಮ್ಮನಿಂದ ಓದಿಸಬೇಡ, ನಿಧಾನವಾದರೂ ನೀನೇ ಓದು. ಅವಳ ಹೆಸರೂ ಇದರಲ್ಲಿ ಬರುತ್ತದೆ. ಮಗಳು ತಾಯಿಯ ಮುಂದೆ ಗಟ್ಟಿಯಾಗಿ ಓದುವಂಥ ಮಾತುಗಳಲ್ಲ.

ಇಲ್ಲಿ ಮಳೆ ಚೆನ್ನಾಗಿದೆ. ಎರೆಹೊಲಗಳು ಕೆಸರಾಗಿ ಕಾಲು ಕಿತ್ತಿಡಲು ಬರುವುದಿಲ್ಲ, ಹೀಗಾಗಿ ಹೊಲ ಅಳೆಯುವ ಕೆಲಸ ನಿಂತು ನಾನು ಕಚೇರಿಯಲ್ಲಿ ಕೂತು ಹಳೆಯ ನಕ್ಷೆಗಳನ್ನು ತಿದ್ದುತ್ತಿದ್ದೇನೆ. ನಿನ್ನ ಎಮ್ಮೆ ಈದಿತು, ಹೆಣ್ಣು ಕರು ಎಂದು ನಿಮ್ಮ ಪಕ್ಕದ ಮನೆಯ ಉಮ್ಮೇ ಕುಲ್ಸುಮ್ ಹೇಳಿದರು. ಕಳೆದ ವಾರ ಅವರು ಮಗಳ ಬಾಣಂತನಕ್ಕೆಂದು ಮಾನ್ವಿಗೆ ಬಂದಿದ್ದರು. ಅವರು ಇನ್ನೂ ಬಹಳ ಹೇಳಿದರು. ಅದನ್ನು ಕೇಳಿದ ದಿನದಿಂದ ನನಗೆ ಒಂದೇ ಸಮನೆ ಸಿಟ್ಟು. ಕೆಲಸ ಮಾಡುವಾಗ, ಸ್ನಾನ ಮಾಡುವಾಗ, ಓದುವಾಗ. ಅದಕ್ಕೇ ಈ ಸಲ ಹರಿಯದೆ ಬರೆಯುತ್ತೇನೆ.

ನನ್ನ ಎದೆಬಡಿತ ಶುರುವಾದದ್ದು ನಿನ್ನ ಮನೆಯಲ್ಲಿ ಅಲ್ಲ. ಈ ಒಂದು ವಾಕ್ಯವನ್ನು ಎಷ್ಟು ಜನರ ಮುಂದೆ ಹೇಳಿದ್ದೇನೋ, ಒಬ್ಬರೂ ಕೇಳಿಸಿಕೊಳ್ಳಲಿಲ್ಲ. ಶುರುವಾದದ್ದು ಸಂಕ್ರಾಂತಿಯ ಹೊತ್ತಿಗೆ, ಕುರ್ಡಿಯ ಒಂದು ಹೊಲದಲ್ಲಿ. ಬಿಸಿಲಲ್ಲಿ ಸರಪಳಿ ಹಿಡಿಸಿ ಅಳೆದು ಬಂದವನು ಬಾವಿಯ ಕಟ್ಟೆಯ ಮೇಲೆ ಕೂತು ತಣ್ಣನೆಯ ನೀರನ್ನು ಗಟಗಟ ಕುಡಿದೆ. ನೀರು ಎದೆಯ ನಡುವಿಗೆ ಇಳಿಯಿತೋ ಇಲ್ಲವೋ, ಎದೆ ಒಮ್ಮೆ ತಡೆದು ನಿಂತು, ಆಮೇಲೆ ತೋಳ ಹೊಕ್ಕ ಕುರಿಹಿಂಡಿನ ಹಾಗೆ ಓಡತೊಡಗಿತು. ಕಣ್ಣು ಕತ್ತಲಾಯಿತು. ಕಟ್ಟೆಯ ಕಲ್ಲು ಹಿಡಿದು ಕೂತೆ. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತಿನಲ್ಲಿ ತಾನಾಗಿಯೇ ನಿಂತಿತು. ಜತೆಯ ಆಳುಗಳು ಬದುವಿನ ಆಚೆ ಬುತ್ತಿ ಬಿಚ್ಚುತ್ತಿದ್ದರು. ಯಾರೂ ನೋಡಲಿಲ್ಲ. ಯಾರೂ ನೋಡದ ಕಾರಣಕ್ಕೆ ಅದು ನಡೆದೇ ಇಲ್ಲವೆಂದು ಈಗ ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ.

ಆಮೇಲೂ ಆಯಿತು. ದೊಡ್ಡ ತುತ್ತು ನುಂಗಿದಾಗ, ಅವಸರದಲ್ಲಿ ಚಹಾ ಕುಡಿದಾಗ. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಗಂಡಸರ ಎದೆ ಯುದ್ಧಕ್ಕೆ, ಪ್ರೇಮಕ್ಕೆ, ಜೂಜಿಗೆ ಬಡಿದುಕೊಳ್ಳುತ್ತದೆ. ಒಂದು ತಂಬಿಗೆ ನೀರಿಗೆ ಬಡಿದುಕೊಂಡವನ ಕತೆಯನ್ನು ಎಲ್ಲಿಯೂ ಓದಿರಲಿಲ್ಲ. ಹೇಳಿಕೊಳ್ಳಲು ಸಂಕೋಚವಾಗಿ ಸುಮ್ಮನಿದ್ದೆ.

ಶಿವರಾತ್ರಿ ಮುಗಿದ ಮೇಲೆ ನಿನ್ನಲ್ಲಿ ಉಂಡದ್ದು ನಿನಗೇ ಗೊತ್ತು. ಕುರಿ ಸಂತೆಗೆಂದು ಬಂದಿದ್ದ ನನ್ನ ಹೆಂಡತಿಯ ತಮ್ಮ ಕನಕರಾಯನೂ ಜತೆಗೆ ಕೂತಿದ್ದ. ರೊಟ್ಟಿ, ಪುಂಡಿಪಲ್ಲೆ, ಕೊನೆಗೆ ನೀನು ಗಡಿಗೆಯಿಂದ ಬಗ್ಗಿಸಿದ ತಣ್ಣನೆಯ ಮಜ್ಜಿಗೆ. ಒಂದೇ ಸಲಕ್ಕೆ ಎತ್ತಿ ಕುಡಿದೆ, ಲೋಟ ಕೈಬಿಟ್ಟು ಗೋಡೆಗೆ ಒರಗಿದೆ. ನೀನು ಹಣೆಗೆ ಒದ್ದೆ ಬಟ್ಟೆ ಹಾಕಿದೆ, ಕರೆಮ್ಮ ಗಾಳಿ ಬೀಸಿದಳು. ಕನಕರಾಯ ಮಾತ್ರ ನನ್ನ ಕಡೆ ನೋಡಲಿಲ್ಲ. ನೆಲದ ಮೇಲೆ ಚೆಲ್ಲಿದ್ದ ಮಜ್ಜಿಗೆಯನ್ನೇ ನೋಡುತ್ತ ನಿಂತಿದ್ದ. ಅದೇ ಗಡಿಗೆಯದನ್ನು ಅವನು ಎರಡು ಲೋಟ ಕುಡಿದು ಮೀಸೆ ಒರೆಸಿಕೊಂಡಿದ್ದ.

ಮಾನ್ವಿಗೆ ಬಂದವನೇ ತನ್ನ ಅಕ್ಕ ಭೀಮವ್ವನ ಮುಂದೆ ಕೂತು ಹೇಳಿದ: “ಯಕ್ಕಾ, ಮಾವಗ ಮದ್ದು ಹಾಕ್ಯಾರ. ಯಾರಂತ ನನ್ನ ಬಾಯಿಲೆ ಹೇಳಂಗಿಲ್ಲ.”

ಹೇಳಬೇಕಾದ ಅಗತ್ಯವೇ ಇರಲಿಲ್ಲ. ಅವನು ಎಲ್ಲಿಂದ ಬಂದನೆಂದು ಅವಳಿಗೆ ಗೊತ್ತಿತ್ತು.

ಮದ್ದಿನ ಮಾತನ್ನು ನಾವು ಸಣ್ಣವರಿದ್ದಾಗಿನಿಂದ ಕೇಳಿದ್ದೇವೆ. ಅನ್ನದಲ್ಲೋ ಹಾಲಿನಲ್ಲೋ ಏನೋ ಕಲಸಿ ಕೊಟ್ಟು ಉಂಡವನನ್ನು ತಮ್ಮ ಕಡೆಗೆ ಒಲಿಸಿಕೊಳ್ಳುತ್ತಾರಂತೆ. ಅದು ಹೊಟ್ಟೆಯಲ್ಲಿ ಕೂತು, ಬೇರೆಯವರ ಕೈಯ ಅನ್ನವನ್ನು ಇಳಿಯಗೊಡುವುದಿಲ್ಲವಂತೆ. ನನ್ನ ರೋಗಕ್ಕೆ ಅಳತೆ ಕೊಟ್ಟು ಹೊಲಿಸಿದಂತೆ ಈ ಮಾತು ಹೊಂದಿತು. ಅದೇ ಮಜ್ಜಿಗೆಯನ್ನು ಕನಕರಾಯನೂ ಕುಡಿದನಲ್ಲ ಎಂದೆ. ಯಾರ ಹೆಸರಿನಲ್ಲಿ ಹಾಕಿರುತ್ತಾರೋ ಅವರಿಗೆ ಮಾತ್ರ ಅದು ಹತ್ತುತ್ತದೆ ಎಂದು ಅವನೇ ಉತ್ತರ ಕೊಟ್ಟ.

ಕಾರಣವೂ ಸಿದ್ಧವಾಗಿತ್ತು. ಅಕ್ಕನ ಮಗಳನ್ನು ತಮ್ಮನ ಮಗನಿಗೆ ತಂದುಕೊಳ್ಳುವುದು ನಮ್ಮವರಲ್ಲಿ ಇದ್ದದ್ದೇ. ಕನಕರಾಯನಿಗೂ ಮದುವೆಯ ವಯಸ್ಸಿನ ಮಗಳಿದ್ದಾಳೆ. ಭೀಮವ್ವ ಒಳಗೊಳಗೇ ತಮ್ಮನಿಗೆ ಮಾತು ಕೊಟ್ಟಂತಿದೆ. ಕರೆಮ್ಮನನ್ನು ನಿನ್ನ ಮಗನಿಗೆ ತಂದುಕೋ ಎಂದು ನೀನು ಒಂದು ದಿನವೂ ನನ್ನನ್ನು ಕೇಳಿಲ್ಲ. ಈಗ ಅದೇ ನಿನ್ನ ಮೇಲೆ ತಿರುಗಿದೆ. ಬಾಯಿಂದ ಕೇಳದವಳು ಕೈಯಿಂದ ಮಾಡಿದಳು ಎನ್ನುತ್ತಾರೆ.

ಭೀಮವ್ವನನ್ನು ಕೆಟ್ಟವಳೆಂದು ನಾನು ಬರೆಯುವುದಿಲ್ಲ. ಅವಳು ನಿಜವಾಗಿ ಅಂಜಿದ್ದಾಳೆ. ರಾತ್ರಿ ಎದ್ದು ನನ್ನ ಎದೆಯ ಮೇಲೆ ಕೈ ಇಟ್ಟು ನೋಡುತ್ತಾಳೆ. ಆದರೆ ಅವಳ ಅಂಜಿಕೆಯಿಂದ ನನ್ನ ಊಟ ಹೇಗಾಗಿದೆ ಎಂದು ಹೇಳಿದರೆ ನೀನು ನಂಬಲಿಕ್ಕಿಲ್ಲ. ನಾನು ತಾಟಿನ ಮುಂದೆ ಕೂತರೆ ಮನೆಯಲ್ಲಿ ಮಾತು ನಿಲ್ಲುತ್ತದೆ. ಅವಳು ನೀರಿನ ತಂಬಿಗೆ ಹಿಡಿದು ಎದುರಿಗೆ ಕೂರುತ್ತಾಳೆ. ಕನಕರಾಯ ಬಂದಿದ್ದರೆ ಅವನೂ ಮಂಡಿ ಮಡಚಿ ಕೂತು, “ನುಂಗ್ರಿ ಮಾವ, ಒಂದ್ ತುತ್ತು ನುಂಗ್ರಿ, ನೋಡೂಣು” ಎನ್ನುತ್ತಾನೆ. ನನ್ನ ಗಂಟಲು ಮೇಲೆ ಕೆಳಗೆ ಆಡುವುದನ್ನು ಇಬ್ಬರೂ ನೋಡುತ್ತಾರೆ. ಹೀಗೆ ನೋಡುತ್ತಿದ್ದರೆ ಯಾರ ಎದೆ ಓಡುವುದಿಲ್ಲ? ಓಡುತ್ತದೆ. ಓಡಿತೆಂದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಹೊಲ ಅಳೆಯಲು ಹೋದ ಊರುಗಳಲ್ಲಿ ಗೌಡರ ಮನೆಯಲ್ಲೂ ಬಡವರ ಮನೆಯಲ್ಲೂ ಕೂತು ಉಂಡವನು ನಾನು. ಈಗ ನನ್ನ ಮನೆಯಲ್ಲಿ ತುತ್ತು ಎತ್ತಲು ನನಗೆ ಹೆದರಿಕೆ.

ಚೈತ್ರದಲ್ಲಿ ಕನಕರಾಯ ನನ್ನನ್ನು ಮದ್ದು ತೆಗೆಯುವವನ ಹತ್ತಿರ ಕರೆದುಕೊಂಡು ಹೋದ. ಕೃಷ್ಣೆಯ ದಂಡೆಯ ಒಂದು ಹಳ್ಳಿ; ಹೆಸರು ಬರೆಯುವುದಿಲ್ಲ, ಬರೆದರೆ ಇನ್ನೊಬ್ಬರು ಹುಡುಕಿಕೊಂಡು ಹೋದಾರು. ಭೀಮವ್ವ ಅತ್ತು ಹೇಳಿದ್ದಳು, ಅದಕ್ಕೆ ಹೋದೆ. ಅಲ್ಲಿ ಒಬ್ಬ ಮುದುಕ. ಅಂಗಳದ ತುಂಬ ನನ್ನಂಥವರು ಉಪವಾಸ ಕೂತಿದ್ದರು. ನನ್ನ ಸರದಿ ಬಂದಾಗ ಆತ ನಾಡಿ ಹಿಡಿದು ಕೇಳಿದ್ದು ಒಂದೇ ಮಾತು: “ಯಾರ ಮನಿಯಾಗ ಬಿಳೇದು ಕುಡದಿದ್ದಿ?”

ಬಿಳಿಯದು ಎಂದರೆ ಹಾಲು, ಮೊಸರು, ಮಜ್ಜಿಗೆ. ಯಾರ ಮನೆಯಲ್ಲಿ ಅದನ್ನು ಯಾರು ಕುಡಿದಿರುವುದಿಲ್ಲ, ಅಕ್ಕ? ಆ ಅಂಗಳದಲ್ಲಿದ್ದ ಪ್ರತಿಯೊಬ್ಬನಿಗೂ ಅದೇ ಪ್ರಶ್ನೆ. ನಾನು ಬಾಯಿ ತೆರೆಯುವ ಮೊದಲೇ ಕನಕರಾಯ ಹೇಳಿಬಿಟ್ಟ: “ದೇವದುರ್ಗದಾಗ, ಇವರ ಅಕ್ಕನ ಮನಿಯಾಗ.” ಮುದುಕ ತಲೆಯಾಡಿಸಿದ. ಅಷ್ಟಕ್ಕೆ ನಿನ್ನ ನ್ಯಾಯ ಮುಗಿಯಿತು.

ಆಮೇಲೆ ಒಂದು ಹಸಿರು ರಸ ಕುಡಿಸಿದರು. ಅದನ್ನು ನುಂಗುವಾಗಲೂ ನನ್ನ ಎದೆ ಓಡಿತು. ಒಳಗಿನದು ಅಂಜುತ್ತಿದೆ ಎಂದ ಮುದುಕ. ಕರುಳು ಕಿತ್ತು ಬರುವ ಹಾಗೆ ವಾಂತಿಯಾಯಿತು. ಆತ ಬೂದಿ ಹಾಕಿದ ತಟ್ಟೆಯಲ್ಲಿ ಕೈಯಾಡಿಸಿ, ಕೂದಲು ಸುತ್ತಿದ ಕಡಲೆಕಾಳಿನಷ್ಟು ಗಾತ್ರದ ಒಂದು ಉಂಡೆಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ಅದು ನನ್ನ ಬಾಯಿಂದ ಬಂದದ್ದಲ್ಲ. ಆತನ ಉಂಗುರದ ಬೆರಳು ಮತ್ತು ಕಿರುಬೆರಳ ಸಂದಿಯಿಂದ ಬಿದ್ದದ್ದು. ನಾನು ಬಗ್ಗಿಕೊಂಡೇ ಇದ್ದೆ, ನನ್ನ ಮುಖ ತಟ್ಟೆಗೆ ಅಷ್ಟು ಹತ್ತಿರವಿತ್ತು, ಬೀಳುವುದನ್ನು ಕಣ್ಣಾರೆ ನೋಡಿದೆ.

ಬಸ್ಸಿನಲ್ಲಿ ಕನಕರಾಯನಿಗೆ ಇದನ್ನು ಹೇಳಿದೆ. ಅವನು ಸಿಟ್ಟಾಗಲಿಲ್ಲ. ಕಾಯಿಲೆಯವನಿಗೆ ತೋರಿಸುವ ಕನಿಕರದಿಂದ ನನ್ನ ತೊಡೆಯ ಮೇಲೆ ಕೈಯಿಟ್ಟು ಹೇಳಿದ: “ಇದು ನೀವು ಆಡಾಕತ್ತಿಲ್ಲ ಮಾವ. ನಿಮ್ಮ ಅಕ್ಕನ ಮದ್ದು ಆಡಸಾಕತ್ತದ. ಬೇರು ಇನ್ನೂ ಒಳಗದ.”

ಅಂದಿನಿಂದ ನಾನು ನಿನ್ನ ಪರವಾಗಿ ಆಡಿದ ಪ್ರತಿ ಮಾತೂ ನೀನು ಮದ್ದು ಹಾಕಿದ್ದಕ್ಕೆ ಗುರುತಾಯಿತು. ಅಕ್ಕ ಅಂಥವಳಲ್ಲ ಎಂದರೆ, ನೋಡು ಹೇಗೆ ಎಳೆಯುತ್ತಿದೆ ಎನ್ನುತ್ತಾರೆ. ಸುಮ್ಮನಿದ್ದರೆ, ಈಗ ಒಪ್ಪಿಕೊಂಡ ಎನ್ನುತ್ತಾರೆ. ಬೈದರೆ, ಮದ್ದು ತಿಂದವರಿಗೆ ಸಿಟ್ಟು ಹೆಚ್ಚು ಎನ್ನುತ್ತಾರೆ. ಇಪ್ಪತ್ತು ವರ್ಷ ಜನರ ಹೊಲದ ಗಡಿ ಗುರುತಿಸಿ ಕಲ್ಲು ನೆಡಿಸಿದ್ದೇನೆ. ನಾನು ಇಟ್ಟ ಕಲ್ಲನ್ನು ಎರಡು ಕಡೆಯವರೂ ಒಪ್ಪುತ್ತಾರೆ. ನನ್ನ ಮನೆಯಲ್ಲಿ ನನ್ನ ಮಾತು ನನ್ನದೇ ಎಂದು ಒಪ್ಪುವವರಿಲ್ಲ.

(ಇಷ್ಟು ಬರೆಯುವಷ್ಟರಲ್ಲಿ ಎದುರು ಮನೆಯ ಗೋಪಮ್ಮ ತಾಟು ಮುಚ್ಚಿಕೊಂಡು ಊಟ ತಂದಿಟ್ಟು, ಹೋಗದೆ ಬಾಗಿಲಲ್ಲೇ ನಿಂತಳು. ಇನ್ನೇನು ಬೇಕು ತಂಗಿ ಎಂದೆ. “ಏನಿಲ್ರಿ ಅಣ್ಣಾರ, ನೀವು ಉಣ್ರಿ. ಎದಿ ಓಡ್ತದೇನು ನೋಡ್ಕೊಂಡು ಬಾ ಅಂತ ಭೀಮವ್ವಕ್ಕಾರು ಹೇಳಿ ಹೋಗ್ಯಾರ” ಎಂದಳು. ಅವಳ ಮೇಲೆ ರೇಗಿ ಪ್ರಯೋಜನವಿಲ್ಲ. ಅರ್ಧ ರೊಟ್ಟಿಯನ್ನು ಅವಳ ಕಣ್ಣ ಮುಂದೆ ತಿಂದೆ. ಓಡಲಿಲ್ಲ. ಅವಳಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು.)

ಜೂನ್ ತಿಂಗಳ ಕೊನೆಗೆ ಕಚೇರಿ ಕೆಲಸವೆಂದು ಹೇಳಿ ರಾಯಚೂರಿಗೆ ಹೋದೆ. ಮಾನ್ವಿಯಲ್ಲಿ ತೋರಿಸಿದಾಗ ಗ್ಯಾಸು ಎಂದು ಪುಡಿ ಕೊಟ್ಟಿದ್ದರು. ರಾಯಚೂರಿನಲ್ಲಿ ಮೀರಾಹುಸೇನ ಎಂಬ ಡಾಕ್ಟರಿದ್ದಾರೆ. ನಮ್ಮ ಹುಡುಗನ ವಯಸ್ಸಿಗಿಂತ ಸ್ವಲ್ಪ ದೊಡ್ಡವರು, ಬಹಳ ಮಾತಿನವರಲ್ಲ. ಎದೆಗೆ, ಕೈಕಾಲಿಗೆ ತಂತಿ ಹಚ್ಚಿ ಇ.ಸಿ.ಜಿ. ತೆಗೆದರು. ಕಾಗದದ ಮೇಲೆ ಗೆರೆ ಸರಿಯಾಗಿಯೇ ಬಂತು. ಏನೂ ಇಲ್ಲ, ಹೋಗಿ ಎನ್ನುವವರಿದ್ದರು. ನಾನು ಮಲಗಿದಲ್ಲಿಂದಲೇ ಹೇಳಿದೆ, ಸುಮ್ಮನೆ ಮಲಗಿದಾಗ ಬರುವುದಿಲ್ಲ, ನುಂಗಿದಾಗ ಬರುತ್ತದೆ ಎಂದು. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ನರ್ಸ್ ಶಹಜಾದಿ ಬೇಗಂ ಅವರನ್ನು ಕರೆದು ಮಣ್ಣಿನ ಕೊಡದ ನೀರು ತರಿಸಿದರು. ತಂತಿಗಳನ್ನು ಹಾಗೇ ಇಟ್ಟು, ತಲೆ ಎತ್ತಿ ಹಿಡಿದು, ದೊಡ್ಡ ಗುಟುಕು ನುಂಗಿ ಎಂದರು.

ನುಂಗಿದೆ. ಎದೆ ಓಡಿತು. ಯಂತ್ರದ ಸೂಜಿಯೂ ಓಡಿತು.

ನಾನು ಮಲಗಿದ್ದಲ್ಲೇ ಅತ್ತೆ, ಅಕ್ಕ. ನೋವಿನಿಂದಲ್ಲ. ಸಂಕ್ರಾಂತಿಯಿಂದ ನನ್ನೊಳಗೆ ನಡೆಯುತ್ತಿದ್ದುದನ್ನು ನನ್ನ ಜತೆ ಇನ್ನೊಬ್ಬರು ನೋಡಿದ್ದು ಅದೇ ಮೊದಲು.

ಅವರು ನನಗೆ ತಿಳಿಯುವ ಹಾಗೆ ಹೇಳಿದರು. ಅನ್ನನಾಳ ಹೃದಯದ ಬೆನ್ನಿಗೆ ಅಂಟಿಕೊಂಡೇ ಇಳಿಯುತ್ತದೆ. ತುತ್ತು ಇಳಿಯುವಾಗ ನಾಳ ಹಿಗ್ಗುತ್ತದೆ. ಎಲ್ಲೋ ಕೆಲವರಿಗೆ ಆ ಹಿಗ್ಗಿದ್ದಕ್ಕೇ ಹೃದಯದ ತಾಳ ತಪ್ಪಿ ಓಟ ಹತ್ತುತ್ತದೆ. ತಣ್ಣಗಿದ್ದರೆ, ದೊಡ್ಡ ಗುಟುಕಾದರೆ ಇನ್ನೂ ಹೆಚ್ಚು. ಅವರು ಪುಸ್ತಕದಲ್ಲಿ ಓದಿದ್ದರಂತೆ, ಕಣ್ಣಿಂದ ನೋಡಿದ್ದು ನನ್ನದನ್ನೇ. ಗುಳಿಗೆ ಬರೆದುಕೊಟ್ಟ ಮೇಲೆ ನಾನು ಸಂಕೋಚದಿಂದ ಮದ್ದಿನ ವಿಷಯ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಖಾಲಿ ಲೋಟವನ್ನು ತೋರಿಸಿ, “ಈ ನೀರು ನಮ್ಮ ಕೊಡದ್ದು. ಇದನ್ನ ಕುಡದ್ರೂ ಓಡ್ತು. ಹಂಗಾರ ನಾ ನಿಮಗ ಏನು ಹಾಕೀನಿ?” ಎಂದರು.

ಆ ಕಾಗದವನ್ನು ತಂದು ಭೀಮವ್ವನ ಮುಂದೆ ಬಿಡಿಸಿಟ್ಟೆ. ನೀರು ಕುಡಿಯುವ ಮೊದಲಿನ ಗೆರೆ ಇದು, ಕುಡಿದ ಮೇಲಿನದು ಇದು ಎಂದು ಬೆರಳಿಟ್ಟು ತೋರಿಸಿದೆ. ಅವಳು ತೀರ ಗಮನವಿಟ್ಟು ನೋಡಿದಳು. ಅರ್ಥವಾಯಿತು ಎಂದುಕೊಂಡೆ. “ಗುಳಿಗಿ ತಪ್ಪದಂಗ ತಗೋರಿ. ಆದ್ರ ಆಕಿ ಕೈಯಾಗಿಂದು ಮಾತ್ರ ಉಣಬ್ಯಾಡ್ರಿ” ಎಂದಳು. ಕನಕರಾಯನಂತೂ ಕಾಗದವನ್ನು ಕೈಗೂ ತೆಗೆದುಕೊಳ್ಳಲಿಲ್ಲ. ಮದ್ದು ಮಷೀನಿಗೆ ಕಾಣುವುದಿಲ್ಲ ಎಂದ.

ಗುಳಿಗೆಯಿಂದ ಈಗ ಬಹಳ ಕಡಿಮೆಯಾಗಿದೆ. ಅದರ ಹೆಸರು ಯಾರಿಗೆ ಹೋಯಿತು ಗೊತ್ತೇ? ಆ ಮುದುಕನಿಗೆ. ಅವನು ಉಂಡೆ ತೆಗೆದ ಮೇಲೆ, ಒಳಗುಳಿದ ಬೇರು ನಿಧಾನವಾಗಿ ಒಣಗಿತಂತೆ. ಕಲ್ಲೂರಿನಲ್ಲಿ ಕನಕರಾಯ ನನ್ನ ಹೆಸರು ಹೇಳಿ ಹೇಳಿ ಜನರನ್ನು ಅಲ್ಲಿಗೆ ಕಳಿಸುತ್ತಿದ್ದಾನೆ. ಕಾಯಿಲೆ ಇದ್ದಾಗ ಅದು ನೀನು ಹಾಕಿದ್ದಕ್ಕೆ ಸಾಕ್ಷಿ, ಕಾಯಿಲೆ ಹೋದರೆ ಅದು ನೀನು ಹಾಕಿದ್ದನ್ನು ತೆಗೆದದ್ದಕ್ಕೆ ಸಾಕ್ಷಿ.

ಇಷ್ಟನ್ನೂ ನಾನು ನುಂಗಿಕೊಂಡಿದ್ದೆ. ನನ್ನ ಮನೆಯೊಳಗಿನ ಮೂರ್ಖತನ, ನಿಮ್ಮ ಓಣಿ ಮುಟ್ಟುವ ಮೊದಲೇ ಸತ್ತುಹೋಗುತ್ತದೆ ಎಂದುಕೊಂಡಿದ್ದೆ. ಕಳೆದ ವಾರ ಉಮ್ಮೇ ಕುಲ್ಸುಮ್ ಬಂದು ಕೂತು, ನೀನು ಹೇಳದೇ ಇದ್ದದ್ದನ್ನೆಲ್ಲ ಹೇಳಿದರು. ಕನಕರಾಯನ ಮಾತು ಕುರಿ ಸಂತೆಯಿಂದ ನಿಮ್ಮ ಓಣಿಗೂ ಮುಟ್ಟಿದೆಯಂತೆ. ಅಕ್ಕಿ ಗಿರಣಿಯವರ ಮನೆಗೆ ನೀನು ಭಾವ ತೀರಿಕೊಂಡ ವರ್ಷದಿಂದ ಮೊಸರು ಹಾಕುತ್ತಿದ್ದೆ. ಅವರು ಬಾಗಿಲಲ್ಲೇ ಗಡಿಗೆ ತಿರುಗಿಸಿ ಕಳಿಸಿದರಂತೆ. ಒಂದೊಂದಾಗಿ ಓಣಿಯ ಮನೆಗಳೆಲ್ಲ ಬಿಟ್ಟವಂತೆ. ಈಗ ಬೆಣ್ಣೆ ಕಾಯಿಸಿ ತುಪ್ಪ ಮಾಡಿ, ನಿನ್ನ ಹೆಸರು ಗೊತ್ತಿಲ್ಲದ ಅಂಗಡಿಗೆ ಉಮ್ಮೇ ಕುಲ್ಸುಮ್ ಅವರ ಕೈಯಲ್ಲೇ ಕಳಿಸುತ್ತೀಯಂತೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಅಣ್ಣಾ, ನಾ ದಿನಾ ಆದೆಮ್ಮನ ಮಜ್ಜಿಗಿನಾ ಕುಡಿಯಾಕಿ. ಮದ್ದು ಹತ್ತಿದ್ರ ಇಷ್ಟೊತ್ತಿಗೆ ಆಕಿ ಹೇಳಿದಂಗ ಕೇಳಬೇಕಿತ್ತು. ನಾ ನನ್ನ ಗಂಡನ ಮಾತಾ ಕೇಳಂಗಿಲ್ಲ, ಆಕಿದೇನು ಕೇಳ್ಲಿ?” ನಗಿಸಲೆಂದೇ ಹೇಳಿದರು. ಆಮೇಲೆ ಅವರೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಏಕೆಂದರೆ ಕರೆಮ್ಮನದನ್ನು ಹೇಳುವುದು ಬಾಕಿಯಿತ್ತು. ಗಿಲ್ಲೆಸುಗೂರಿನಿಂದ ಅವಳನ್ನು ನೋಡಲು ಬಂದಿದ್ದರಂತೆ. ಒಳ್ಳೆಯ ಜನ, ಹುಡುಗನಿಗೆ ಬಸ್ ಡಿಪೋದಲ್ಲಿ ಕೆಲಸ. ಕೂತರು, ಮಾತಾಡಿದರು, ಹುಡುಗಿಯನ್ನೂ ನೋಡಿದರು. ಅಷ್ಟರಲ್ಲಿ ಯಾರೋ ಹುಡುಗನ ತಾಯಿಯನ್ನು ಹೊರಗೆ ಕರೆದು ಕಿವಿಯಲ್ಲಿ ಹೇಳಿದರು. ಒಳಗೆ ಬಂದವರು ಕರೆಮ್ಮ ತಂದಿಟ್ಟ ಅವಲಕ್ಕಿಯನ್ನು ಮುಟ್ಟಲಿಲ್ಲ. ಚಹಾವನ್ನೂ ಮುಟ್ಟಲಿಲ್ಲ. ಜತೆಗೆ ಬಂದಿದ್ದ ಮಕ್ಕಳು ಕೈ ಚಾಚಿದರೆ ಅವರ ಕೈಯನ್ನೂ ಹಿಡಿದುಕೊಂಡರು. ಅವರು ಹೋದ ಮೇಲೆ ಅಷ್ಟೂ ತಟ್ಟೆಗಳನ್ನು ಕರೆಮ್ಮ ಒಂದೊಂದಾಗಿ ಒಳಗೆ ತಂದಿಟ್ಟಳಂತೆ. ಮದ್ದಿನ ಕೈ ತಾಯಿಯಿಂದ ಮಗಳಿಗೆ ಬರುತ್ತದೆ ಎನ್ನುತ್ತಾರಲ್ಲ, ಅದಕ್ಕೆ.

ನನ್ನ ಅನ್ನನಾಳ ಹಿಗ್ಗಿದ್ದಕ್ಕೆ ಆ ಹುಡುಗಿಗೆ ಗಂಡು ಸಿಗುವುದಿಲ್ಲ. ಇದನ್ನು ಬರೆದು, ಎದ್ದು, ಅಂಗಳದಲ್ಲಿ ಒಂದು ಸುತ್ತು ಓಡಾಡಿ ಬಂದೆ.

ಪಂಚಮಿ ಹತ್ತಿರ ಬಂತು. ಪ್ರತಿವರ್ಷ ನಾನು ಬಂದು ನಿನ್ನನ್ನು ಕರೆತರುತ್ತೇನೆ. ಈ ವರ್ಷ ಕರೆಯುವುದು ಬೇಡ ಎಂದು ಭೀಮವ್ವ ಮೊನ್ನೆ ಹೇಳಿದಳು. ಸೀರೆಯನ್ನು ಅಂಚೆಯಲ್ಲಿ ಕಳಿಸೋಣ, ಅವರಿಗೂ ಮರ್ಯಾದೆ ನಮಗೂ ಮರ್ಯಾದೆ ಎಂದಳು. ನಾನು ಗುಳಿಗೆ ತೆಗೆದುಕೊಂಡು ಮಲಗಿದೆ.

ಸದ್ಯಕ್ಕೆ ಇಷ್ಟು. ಆರೋಗ್ಯ ನೋಡಿಕೋ. ಕರೆಮ್ಮನಿಗೆ ಮಾವನ ಆಶೀರ್ವಾದ ಹೇಳು, ಅವಳು ತಲೆ ತಗ್ಗಿಸಿ ನಡೆಯಬೇಕಾದಂಥದ್ದು ಏನೂ ಆಗಿಲ್ಲ ಎಂದು ಹೇಳು. ಕರುವಿಗೆ ಹಾಲು ಬಿಡು, ಮೊಸರು ಹೋಗುವುದಿಲ್ಲವಾದರೆ ಕರುವಾದರೂ ಗಟ್ಟಿಯಾಗಲಿ. ನಿನ್ನ ಹರಕೆ ನನ್ನ ಮೇಲಿರಲಿ.

ನಿನ್ನ ತಮ್ಮ
ಪರಮಣ್ಣ

ತಾ.ಕ.: ಮೇಲೆ ಬರೆದದ್ದೆಲ್ಲ ಬೇರೆಯವರ ಮೇಲಿನ ಸಿಟ್ಟು. ಲಕೋಟೆ ಅಂಟಿಸುವ ಮೊದಲು ನಿನ್ನ ಮೇಲಿನದನ್ನೂ ಬರೆಯುತ್ತೇನೆ.

ಜೂನಿನಲ್ಲಿ ಮಳೆ ಬೀಳುವ ಮೊದಲು ನಿನ್ನ ಮನೆಗೆ ಬಂದೆ. ನೀನು ಒಳಗೆ ಕರೆಯಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕಂಬಳಿ ಹಾಸಿದೆ. ಬಿಸಿಲಲ್ಲಿ ಬಂದವನಿಗೆ ನೀರು ಕೊಡಲಿಲ್ಲ. ಕರೆಮ್ಮನನ್ನು ಅಂಗಡಿಗೆ ಓಡಿಸಿ ಗೋಲಿ ಸೋಡಾ ತರಿಸಿದೆ. ಅದನ್ನು ನನ್ನ ಮುಂದಿಟ್ಟು, ಸೆರಗಿನಲ್ಲಿ ಕೈ ಮುಚ್ಚಿಕೊಂಡು ದೂರ ನಿಂತು, “ನೀನಾ ಒತ್ತಿ ತೆಗಿ ತಮ್ಮಾ. ನಾ ಮುಟ್ಟಿಲ್ಲ” ಎಂದೆ. ನಾಲ್ಕು ವರ್ಷದವನಿದ್ದಾಗ ಅವ್ವ ಸತ್ತ ಮೇಲೆ ನನಗೆ ತುತ್ತು ಮಾಡಿ ಉಣಿಸಿದ ಕೈ ಅದು.

ಗೋಲಿ ಒತ್ತಿ ಕುಡಿದೆ. ಎದೆ ಓಡಿತು. ನನ್ನ ಕೈ ಎದೆಗೆ ಹೋದದ್ದನ್ನು ನೀನು ನೋಡಿದೆ, ನಾನು ನಿನ್ನ ಮುಖವನ್ನು ನೋಡಿದೆ. ನೀನು ಹೆದರಲಿಲ್ಲ, ಅಕ್ಕ. ನಿನಗೆ ಸಮಾಧಾನವಾಯಿತು. ಮುಚ್ಚಿದ ಬಾಟಲಿ ಕುಡಿದರೂ ಓಡಿತಲ್ಲ ಎಂಬ ಸಮಾಧಾನ. ಅಂದರೆ ಆ ಗಳಿಗೆಯವರೆಗೆ ನಿನ್ನ ಕೈಯ ಮೇಲೆ ನಿನಗೇ ಅನುಮಾನವಿತ್ತು. ಜಗತ್ತೆಲ್ಲ ನಂಬಿದ್ದನ್ನು ನಾನು ಸಹಿಸಿದೆ. ನೀನೂ ನಂಬಿದ್ದೆ ಎಂಬುದನ್ನು ಸಹಿಸಲಾಗಲಿಲ್ಲ. ಅದಕ್ಕೇ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ, ಅದೇ ತಿಂಗಳು ರಾಯಚೂರಿಗೆ ಹೋದೆ.

ಪಂಚಮಿಗೆ ಸೀರೆ ಅಂಚೆಯಲ್ಲಿ ಬರುವುದಿಲ್ಲ. ನಾನೇ ತರುತ್ತೇನೆ, ಭೀಮವ್ವನನ್ನೂ ಕರೆದುಕೊಂಡು ಬರುತ್ತೇನೆ. ಹಬ್ಬದ ಹಿಂದಿನ ದಿನ, ಸಿರವಾರದ ಮೇಲೆ ಬರುವ ಬೆಳಗಿನ ಬಸ್ಸು. ಕಟ್ಟೆಯ ಮೇಲೆ ಕಂಬಳಿ ಹಾಸಬೇಡ. ಒಳಗೆ ಒಲೆಯ ಮುಂದೆ ಕೂರುತ್ತೇನೆ, ಬೀದಿ ಬಾಗಿಲು ತೆರೆದಿರಲಿ. ನೀನು ಬಡಿದ ರೊಟ್ಟಿ, ಕರೆಮ್ಮ ಕಡೆದ ಮಜ್ಜಿಗೆ. ಯಾರಿಗೂ ಏನನ್ನೂ ತೋರಿಸಿಕೊಡಲು ಅಲ್ಲ. ತೋರಿಸಿದರೂ ಒಪ್ಪುವವರಿಲ್ಲ ಎಂದು ಮೇಲೆ ಬರೆದಿದ್ದೇನೆ. ನೀನು ನೀಡಬೇಕು, ನಾನು ಉಣ್ಣಬೇಕು, ಅಷ್ಟೇ. ಉಂಡಾದ ಮೇಲೆ ನಿಮ್ಮಿಬ್ಬರನ್ನೂ ಹಬ್ಬಕ್ಕೆ ಮಾನ್ವಿಗೆ ಕರೆತರುತ್ತೇನೆ.

ಸಂಜೆಯ ಬಸ್ಸು ಇನ್ನೂ ಬಂದಿಲ್ಲ. ಭೀಮವ್ವನಿಗೆ ಇನ್ನು ಹೇಳಬೇಕು.